ತಾಯಿಗೆ ಹೂವು, ಮರಿಗೆ ಹೇನು

ಬೀಳಗಿಯಿಂದ ಮುಧೋಳದ ದಾರಿ ಹಿಡಿದರೆ ಹಳೆಯ ಹಿಂಗಾರಿ ಅಲ್ಲಲ್ಲಿ ಇನ್ನೂ ಕಣ್ಣಿಗೆ ಬೀಳುತ್ತದೆ. ಆಲಮಟ್ಟಿಯ ಹಿನ್ನೀರು ನುಂಗದೆ ಬಿಟ್ಟ, ಕಬ್ಬು ಇನ್ನೂ ಕಾಲಿಡದ ಎರೆಹೊಲಗಳು. ಬಿಳಿಜೋಳ ತೆನೆ ಹಾಯುತ್ತಿರುತ್ತದೆ, ನಡುನಡುವೆ ಕುಸುಬೆಯ ಅಕ್ಕಡಿ ಸಾಲು, ಪಕ್ಕದ ಪಟ್ಟಿಯಲ್ಲಿ ಕಡಲೆ, ಕಡಲೆಯ ಅಂಚಿಗೆ ಮನೆಖರ್ಚಿಗೆಂದು ಉದುರಿಸಿದ ಕೊತ್ತಂಬರಿ. ಎಳ್ಳಮಾವಾಸ್ಯೆಯ ಹೊತ್ತಿಗೆ ಆ ಕೊತ್ತಂಬರಿ ಹೂವಿಗೆ ಬಂದು ಬದುವೆಲ್ಲ ಬೆಳ್ಳಗಾಗುತ್ತದೆ.

ಈ ಸೀಮೆಗೆ ಜನ ಬರುವ ಕಾರಣಗಳು ಬೇರೆ. ಮುಧೋಳದ ನಾಯಿ, ಮಹಾಲಿಂಗಪುರದ ಬೆಲ್ಲ, ಬನಹಟ್ಟಿಯ ಸೀರೆ, ಜಮಖಂಡಿಯ ಅರಮನೆ. ನಾನು ಬಂದದ್ದು ನೊಣ ನೋಡಲು. ಬಸ್ಸಿನಲ್ಲಿ ಪಕ್ಕ ಕೂತಿದ್ದವರಿಗೆ ಹಾಗೆಂದು ಹೇಳಿದಾಗ ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಅಷ್ಟಕ್ಯಾಕ ಇಲ್ಲೀತನಕ ಬಂದ್ರಿ? ನಿಮ್ಮೂರಾಗ ನೊಣ ಇಲ್ಲೇನ್ರಿ?" ಎಂದರು.

ಇದ್ದವು, ನಿಜ. ಆದರೆ ಈ ನೊಣವನ್ನು ಅದರ ಎರಡೂ ಊಟಗಳ ಜೊತೆಗೆ ನೋಡಬೇಕೆಂದರೆ ಕಬ್ಬು, ಜೋಳ, ಕುಸುಬೆ ಮೂರೂ ಒತ್ತೊತ್ತಿಗೆ ಇರುವ ಇಂಥ ಸೀಮೆಯೇ ಬೇಕು.

ಕೊತ್ತಂಬರಿ ಬದುವಿನಲ್ಲಿ ಕೂತ ಸ್ವಲ್ಪ ಹೊತ್ತಿಗೇ ಮೊದಲನೆಯದು ಬಂತು. ಬಂತು ಎನ್ನುವುದೂ ತಪ್ಪೇ, ಅಲ್ಲಿ ಇದ್ದಕ್ಕಿದ್ದಂತೆ ಇತ್ತು. ಹೂವಿನಿಂದ ಗೇಣುದ್ದ ಮೇಲೆ, ಗಾಳಿಯಲ್ಲಿ, ಅಲುಗದೆ. ರೆಕ್ಕೆಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಬಡಿಯುತ್ತಿದ್ದರೂ ನನ್ನ ಕಣ್ಣಿಗೆ ಕಂಡದ್ದು ಮೈಯ ಎರಡೂ ಬದಿಗೆ ಒಂದಿಷ್ಟು ಮಬ್ಬು ಮಾತ್ರ. ಮೈ ಹಳದಿ, ಕಪ್ಪು ಪಟ್ಟೆ, ಮುಖ ಹಳದಿ, ಬೆನ್ನಿನ ತುದಿಯಲ್ಲಿ ಹಳದಿಯ ಒಂದು ತುಣುಕು. ಗಾಳಿ ಬೀಸಿ ಹೂಗೊಂಚಲು ತೂಗಿದರೆ ಅದೂ ಅಷ್ಟೇ ಅಳತೆಗೆ ಸರಿಯುತ್ತಿತ್ತು. ನಾನು ಕೈ ಎತ್ತಿದೆ, ಇಲ್ಲವಾಯಿತು. ಕೈ ಇಳಿಸಿದೆ, ಅದೇ ಜಾಗದಲ್ಲಿ ಮತ್ತೆ ನಿಂತಿತ್ತು.

ಹೊಲದ ಯಜಮಾನ ಹತ್ತಿರ ಬಂದು ನೋಡಿದ. "ಜೇನ್ ಐತ್ರಿ, ಕಡದೀತು."

ಕಡಿಯುವುದಿಲ್ಲ. ಕಡಿಯಲು ಅದಕ್ಕೆ ಮುಳ್ಳೇ ಇಲ್ಲ. ಬರೀ ವೇಷ. ಕಣಜದ ಬಣ್ಣ ಹಚ್ಚಿಕೊಂಡು ಹಕ್ಕಿಗಳನ್ನು ಹೆದರಿಸಿ ಬದುಕುವ ಈ ಉಪಾಯವನ್ನು ಹೆನ್ರಿ ಬೇಟ್ಸ್ ಎಂಬ ಇಂಗ್ಲಿಷ್ ಪ್ರಕೃತಿತಜ್ಞ 1862ರಲ್ಲಿ ಅಮೆಜಾನಿನ ಚಿಟ್ಟೆಗಳನ್ನು ಮುಂದಿಟ್ಟುಕೊಂಡು ವಿವರಿಸಿದ. ಜೇನಿಗೂ ಕಣಜಕ್ಕೂ ರೆಕ್ಕೆ ಎರಡು ಜೋಡಿ, ನೊಣಕ್ಕೆ ಒಂದೇ ಜೋಡಿ. ಎರಡನೆಯ ಜೋಡಿ ಇರಬೇಕಾದಲ್ಲಿ ಸಣ್ಣ ಗುಬುಟಿನ ಎರಡು ಕಡ್ಡಿಗಳಿವೆ. ಹಾರುವಾಗ ಅವೂ ಬಡಿಯುತ್ತ, ಮೈ ಎತ್ತ ವಾಲಿತು ಎಂಬ ಸುದ್ದಿಯನ್ನು ಕ್ಷಣಕ್ಷಣಕ್ಕೂ ನೊಣಕ್ಕೆ ಮುಟ್ಟಿಸುತ್ತವೆ. ಗಾಳಿಯಲ್ಲಿ ನಿಲ್ಲುವ ಆ ಕಸುಬಿಗೆ ಆಧಾರ ಅವೇ. ಯಜಮಾನನಿಗೆ ಇಷ್ಟೆಲ್ಲ ಹೇಳಿದೆ. ಅವನು ಬೆರಳು ಚಾಚಿದ, ಬೆವರಿನ ಆಸೆಗೋ ಏನೋ ನೊಣ ಬಂದು ಅದರ ಮೇಲೇ ಕೂತಿತು. "ಹೌದಲೇ!" ಎಂದ. ಅಷ್ಟಕ್ಕೇ ನಮ್ಮ ಸ್ನೇಹವಾಯಿತು.

ಸಿರ್ಫಿಡ್ ನೊಣ ಎಂದು ಕೃಷಿ ಇಲಾಖೆಯವರು ಕರೆಯುವ ಈ ಕುಟುಂಬದಲ್ಲಿ ಲೋಕದಾದ್ಯಂತ ಸುಮಾರು 6,000 ಜಾತಿಗಳಿವೆ. ಬಯಲುಸೀಮೆಯ ಹೊಲಗಳಲ್ಲಿ ಹೆಚ್ಚಾಗಿ ಕಾಣುವುದು ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್. 1805ರಲ್ಲಿ ಡೆನ್ಮಾರ್ಕಿನ ಫೆಬ್ರಿಸಿಯಸ್ ಇದನ್ನು ಮೊದಲು ವಿವರಿಸಿದ್ದು. ನಮ್ಮ ಕಾಲಕ್ಕೆ ಬಂದರೆ, ಭಾರತ ಉಪಖಂಡದ ಸಿರ್ಫಿಡ್ ನೊಣಗಳ ಪಟ್ಟಿಯನ್ನು 2014ರಲ್ಲಿ ಹೊಸದಾಗಿ ಸಿದ್ಧಪಡಿಸಿದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಕುಮಾರ ಘೋರ್ಪಡೆ. ಮುಧೋಳ ಸಂಸ್ಥಾನವನ್ನು ಆಳಿದವರ ಅಡ್ಡಹೆಸರೂ ಘೋರ್ಪಡೆಯೇ. ನೊಣದ ಬೆನ್ನು ಹತ್ತಿ ಮುಧೋಳಕ್ಕೆ ಹೊರಟವನಿಗೆ ಆ ಹೆಸರು ಎರಡೂ ಕಡೆ ಎದುರಾದದ್ದು ಒಂದು ತಮಾಷೆ.

ಕೊತ್ತಂಬರಿಯ ಮೇಲೆ ಅದು ಮಾಡುತ್ತಿದ್ದುದೇನು ಎಂದು ಭೂತಗನ್ನಡಿ ಹಿಡಿದು ನೋಡಿದೆ. ನಾಲಿಗೆ ಕುಳ್ಳು, ತುದಿಯಲ್ಲಿ ಎರಡು ಮೆತ್ತನೆಯ ಹಾಳೆ. ಆಳವಾದ ಹೂವಿನೊಳಗೆ ಇಳಿಸುವ ಸೊಂಡಿಲು ಅದಕ್ಕಿಲ್ಲ. ಕೊತ್ತಂಬರಿ, ಸಬ್ಬಸಿಗೆ, ಸಾಸಿವೆ, ಬಾಯಿ ತೆರೆದು ಕೂತ ಇಂಥ ಬಡ ಹೂಗಳೇ ಅದಕ್ಕೆ ಆಗಿಬರುವುದು. ಮಕರಂದ ಒರೆಸಿಕೊಳ್ಳುತ್ತದೆ, ಸರಿ. ಬೆರಗು ಹುಟ್ಟಿಸಿದ್ದು ಪರಾಗದ ಊಟ. ಕೇಸರದ ತುದಿಯನ್ನು ಹಾಳೆಗಳ ನಡುವೆ ಹಿಡಿದು ಧೂಳನ್ನು ಮೆಲ್ಲುತ್ತದೆ. ಮೈಗೆ ಅಂಟಿದ್ದನ್ನೂ ಬಿಡದೆ ಮುಂಗಾಲಿನಿಂದ ಬಳಿದು ಬಾಯಿಗೆ ತರುತ್ತದೆ. ಹೆಣ್ಣಿಗೆ ಇದು ಚಪಲವಲ್ಲ. ಪರಾಗದ ಪ್ರೋಟೀನು ಹೊಟ್ಟೆಗೆ ಬೀಳದಿದ್ದರೆ ಅದರ ತತ್ತಿಗಳು ಬಲಿಯುವುದೇ ಇಲ್ಲ. ಸಕ್ಕರೆಯೊಂದಿದ್ದರೆ ಹಾರಬಹುದು, ತಾಯಿಯಾಗಲು ಪರಾಗ ಬೇಕು. ಪರಾಗದ ಹೊರಚಿಪ್ಪು ಜೀರ್ಣವಾಗದೆ ಉಳಿಯುವುದರಿಂದ ನೊಣದ ಹೊಟ್ಟೆಯನ್ನು ಬಿಚ್ಚಿ, ಚಿಪ್ಪುಗಳನ್ನು ಸೂಕ್ಷ್ಮದರ್ಶಕದಡಿ ನೋಡಿ, ಅದು ಯಾವ ಯಾವ ಹೂವಿಗೆ ಹೋಗಿತ್ತೆಂದು ಹೇಳಬಲ್ಲವರಿದ್ದಾರೆ.

ಅಂದು ಎಳ್ಳಮಾವಾಸ್ಯೆ. ಚಕ್ಕಡಿ, ಟ್ರ್ಯಾಕ್ಟರು, ಮೋಟರ್‌ಸೈಕಲ್ಲುಗಳಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಬಂದಿದ್ದರು. ಬುಟ್ಟಿ ಬಿಚ್ಚಿದರೆ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಕಡುಬು. ಬನ್ನಿಗಿಡದ ಬುಡಕ್ಕೆ ಪೂಜೆಯಾದ ಮೇಲೆ ಯಜಮಾನ ಅನ್ನದ ಚರಗವನ್ನು ಹೊಲದ ನಾಲ್ಕೂ ಮೂಲೆಗೆ ಚೆಲ್ಲುತ್ತ ನಡೆದ. ಹೊಲದಲ್ಲಿರುವ ಕಂಡ, ಕಾಣದ ಜೀವಕ್ಕೆಲ್ಲ ಒಂದು ತುತ್ತು. ನಾನೂ ಹಿಂದೆ ಹೋದೆ. ಕುಸುಬೆ ಸಾಲಿನ ಹತ್ತಿರ ಬಂದಾಗ ಅವನ ಮುಖ ಸಣ್ಣಗಾಯಿತು. "ಮೋಡ ಆಗಿ ಇಬ್ಬನಿ ಬಿತ್ತಲ್ಲ, ಹೇನು ಹತ್ಯಾವ ನೋಡ್ರಿ."

ಕುಸುಬೆಯ ಎಳೆ ಕಾಂಡ ಮೊಗ್ಗಿನಿಂದ ಕೆಳಗೆ ಒಂದು ಗೇಣು ಕರ್ರಗಿತ್ತು. ಒಂದಕ್ಕೊಂದು ಒತ್ತಿಕೊಂಡು, ಎಲ್ಲವೂ ತಲೆ ಕೆಳಗೆ ಮಾಡಿ, ಸೊಂಡಿಲು ಚುಚ್ಚಿ ಕೂತ ಕರಿಹೇನುಗಳು. ಹೇನಿನ ಬಾಳ್ವೆಯೇ ಒಂದು ಸೋಜಿಗ. ಗಂಡಿನ ಹಂಗಿಲ್ಲದೆ ಮರಿ ಹಾಕುತ್ತದೆ, ಅದೂ ಜೀವಂತ ಮರಿ. ಹುಟ್ಟಲಿರುವ ಮಗಳ ಹೊಟ್ಟೆಯೊಳಗೆ ಮೊಮ್ಮಗಳು ಆಗಲೇ ರೂಪುಗೊಳ್ಳುತ್ತಿರುತ್ತಾಳೆ. ಗಿಡದ ರಸದಲ್ಲಿ ಸಕ್ಕರೆ ವಿಪರೀತ, ಪ್ರೋಟೀನಿನ ಅಂಶ ಬಲು ಕಡಿಮೆ. ಬೇಕಾದಷ್ಟು ಪ್ರೋಟೀನು ಸಿಗಬೇಕಾದರೆ ರಸ ಹೀರುತ್ತಲೇ ಇರಬೇಕು, ಹೆಚ್ಚಾದ ಸಕ್ಕರೆಯನ್ನು ಹಿಂದಿನಿಂದ ಸುರಿಸುತ್ತಲೇ ಇರಬೇಕು. ಎಲೆಯ ಮೇಲೆ ಅಂಟಂಟಾಗಿ ಹೊಳೆಯುವ ಜಿಗಿ ಎಂದರೆ ಅದೇ.

ಆ ಕರಿಯ ಗುಂಪಿನ ನಡುವೆ ಒಂದು ಹಸಿರು ಚೂರು ಇತ್ತು. ಎಲೆಯ ತುಣುಕು ಅಂಟಿದೆ ಎಂದು ನಮ್ಮ ಹಿಂದೆ ಬಂದಿದ್ದ ಆ ಮನೆಯ ಹುಡುಗಿಯೊಬ್ಬಳು ಕೀಳಲು ಹೋದಳು. ಅದು ಕತ್ತು ಎತ್ತಿತು.

ಕತ್ತು ಎನ್ನಲು ಅಲ್ಲಿ ಏನೂ ಇಲ್ಲ. ಕಾಲಿಲ್ಲ, ಕಣ್ಣಿಲ್ಲ, ತಲೆಯೇ ಇಲ್ಲ. ಒಂದು ಕಡೆ ಚೂಪು, ಇನ್ನೊಂದು ಕಡೆ ದಪ್ಪ, ಬೆನ್ನುದ್ದಕ್ಕೂ ಬಿಳಿ ಗೆರೆ. ಕೊತ್ತಂಬರಿಯ ಮೇಲೆ ತೇಲುತ್ತಿದ್ದ ಆ ಚೆಲುವೆಯ ಮರಿ ಇದು. ಚೂಪು ತುದಿಯನ್ನು ಎಡಕ್ಕೆ ಬೀಸಿತು, ಏನೂ ತಾಗಲಿಲ್ಲ. ಬಲಕ್ಕೆ ಬೀಸಿತು, ಒಂದು ಹೇನಿಗೆ ತಾಗಿತು. ಅಷ್ಟೇ. ಬಾಯ ಕೊಕ್ಕೆಯಿಂದ ಹಿಡಿದು, ಸೊಂಡಿಲಿನ ಸಮೇತ ಕಾಂಡದಿಂದ ಕಿತ್ತು, ಹೇನನ್ನು ಗಾಳಿಯಲ್ಲಿ ಎತ್ತಿ ಹಿಡಿಯಿತು. ಹೇನಿನ ಆರು ಕಾಲೂ ಬಯಲಲ್ಲಿ ತಡಕಾಡಿದವು. ಕಾಲಿಗೆ ಆಸರೆ ಸಿಗದಿದ್ದರೆ ಕೊಸರಿಕೊಂಡು ಹೋಗುವುದಾದರೂ ಹೇಗೆ? ಕನ್ನಡಿಯಲ್ಲಿ ನೋಡನೋಡುತ್ತಿದ್ದಂತೆ ಉಬ್ಬಿದ ಹೊಟ್ಟೆ ಸಪ್ಪಳವಿಲ್ಲದೆ ಇಳಿಯಿತು, ಒಳಗಿನದೆಲ್ಲ ಮರಿಯ ಪಾರದರ್ಶಕ ಮೈಯೊಳಗೆ ಹರಿದು ಹೋಗುವುದು ಕಂಡಿತು. ಆಮೇಲೆ, ಗಾಣದ ಮನೆಯ ಮುಂದೆ ಕಬ್ಬು ಹೀರಿ ಸಿಪ್ಪೆ ಉಗುಳುವ ಹುಡುಗನ ಹಾಗೆ, ಖಾಲಿ ತೊಗಲನ್ನು ಪಕ್ಕಕ್ಕೆ ಎಸೆದು ಮತ್ತೆ ಎಡಕ್ಕೆ ಬೀಸಿತು.

ಪಕ್ಕದ ಹೇನುಗಳು ಓಡಲಿಲ್ಲ. ಅದೇ ನನಗೆ ಅರಗಿಸಿಕೊಳ್ಳಲಾಗದ ಸಂಗತಿ. ಹಿಡಿಸಿಕೊಂಡ ಹೇನು ಬೆನ್ನ ಮೇಲಿನ ಎರಡು ಕೊಳವೆಗಳಿಂದ ಅಪಾಯದ ವಾಸನೆ ಬಿಡುವುದುಂಟು. ಕೆಲವು ಆ ವಾಸನೆಗೆ ಕೆಳಗೆ ಉದುರುತ್ತವೆ. ಉಳಿದವು ಊಟ ಬಿಡಲಾರದೆ ಕೂತೇ ಇರುತ್ತವೆ. ಮರಿ ಬೆಳೆದು ಕೋಶವಾಗುವಷ್ಟರಲ್ಲಿ ನೂರಾರು ಹೇನು ಅದರ ಹೊಟ್ಟೆ ಸೇರಿರುತ್ತವೆ. ಇಷ್ಟು ತಿಂದರೂ ಅದು ಕೋಶವಾಗುವ ಹೊತ್ತಿನವರೆಗೆ ಹೊಟ್ಟೆಯ ಹೊಲಸನ್ನು ಒಳಗೇ ಇಟ್ಟುಕೊಂಡಿರುತ್ತದೆ. ಕೊನೆಗೊಮ್ಮೆ ಡಾಂಬರಿನಂಥ ಕರಿಯ ಹನಿಯೊಂದನ್ನು ಬಿಟ್ಟು ಮೈ ಗಟ್ಟಿ ಮಾಡಿಕೊಳ್ಳುತ್ತದೆ. ಎಲೆಯ ಮೇಲೆ ಅಂಥ ಕಲೆ ಕಂಡರೆ ಕೋಶ ಹತ್ತಿರದಲ್ಲೇ ಇದೆಯೆಂದು ತಿಳಿಯಬೇಕು. ಹುಡುಗಿ ಆ ಹೊತ್ತಿಗೆ ಕಲೆಯನ್ನೂ ಹುಡುಕಿದ್ದಳು, ಕಾಂಡಕ್ಕೆ ಅಂಟಿದ ಅಕ್ಕಿನುಚ್ಚಿನಷ್ಟು ಬಿಳಿಯ ತತ್ತಿಯನ್ನೂ ಹುಡುಕಿ ತೋರಿಸಿದಳು. ತಾಯಿ ತತ್ತಿ ಇಡುವುದು ಒಂದೊಂದಾಗಿ, ಹೇನಿನ ಗುಂಪಿನ ಪಕ್ಕದಲ್ಲೇ. ಜಿಗಿಯ ವಾಸನೆಯೇ ಅದಕ್ಕೆ ದಾರಿ ತೋರುತ್ತದೆ. ಗುಂಪು ಇನ್ನೂ ಎಳೆಯದಾಗಿದ್ದು, ಮುಂದೆ ಬೆಳೆಯುವಂಥದ್ದೇ ಎಂದು ನೋಡಿ ಇಡುವ ಜಾತಿಗಳೂ ಇವೆಯೆಂದು ಜಪಾನಿನಲ್ಲಿ ಕಂಡುಕೊಂಡಿದ್ದಾರೆ. ನಾಳೆ ಹುಟ್ಟುವ ಮಗುವಿಗೆ ನಾಡಿದ್ದಿನ ಊಟವೂ ಇರಬೇಕಲ್ಲ.

ಮುಧೋಳ ದಾಟುತ್ತಿದ್ದಂತೆ ಬಣ್ಣ ಬದಲಾಯಿತು. ಎತ್ತ ನೋಡಿದರೂ ಕಬ್ಬು. ಡಬಲ್ ಟ್ರೇಲರ್ ಟ್ರ್ಯಾಕ್ಟರುಗಳು ಎದೆ ನಡುಗಿಸುವ ಸ್ಪೀಕರು ಹಾಕಿಕೊಂಡು ಕಾರ್ಖಾನೆಗಳ ಕಡೆ ಸಾಲುಗಟ್ಟಿದ್ದವು. ಬೆಳಗಲಿಯ ರನ್ನ ಹುಟ್ಟಿದ ನಾಡಿದು. ತಿಮ್ಮಾಪುರದ ಸಕ್ಕರೆ ಕಾರ್ಖಾನೆ ಇರುವ ಜಾಗಕ್ಕೂ ರನ್ನನಗರ ಎಂದೇ ಹೆಸರು. ಕವಿಚಕ್ರವರ್ತಿಗೆ ಇಷ್ಟು ಸಿಹಿಯಾದ ಸ್ಮಾರಕ ಬೇರೆ ಎಲ್ಲೂ ಸಿಗಲಿಕ್ಕಿಲ್ಲ.

ಇದೆಲ್ಲ ನೀರಿನ ಮಹಿಮೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ಹಣ ಕೂಡಿಸಿ, ಮೈ ಮುರಿದು ದುಡಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಮುಂದೆ ನಿಂತ ಸಿದ್ದು ನ್ಯಾಮಗೌಡರಿಗೆ ಬ್ಯಾರೇಜ್ ಸಿದ್ದು ಎಂದೇ ಹೆಸರಾಯಿತು. ಅದನ್ನು ಶ್ರಮಬಿಂದು ಸಾಗರ ಎಂದು ಕರೆಯುತ್ತಾರೆ. ಬೇಸಿಗೆಯಲ್ಲಿ ಬತ್ತುತ್ತಿದ್ದ ನದಿ ನಿಂತಿತು, ನಿಂತ ನೀರಿನ ಹಿಂದೆ ಕಬ್ಬು ಬಂತು.

ಕಬ್ಬಿನ ಹಿಂದೆ ಬಂದದ್ದು ಬಿಳಿ ಉಣ್ಣೆ ಹೇನು. 2002ರಲ್ಲಿ ಮೊದಲು ಸಾಂಗ್ಲಿ ಕಡೆ ಕಂಡಿತು, ಅದೇ ವರ್ಷ ಗಡಿ ದಾಟಿ ಬೆಳಗಾವಿ, ಬಾಗಲಕೋಟೆ, ವಿಜಾಪುರಗಳಿಗೆ ಹಬ್ಬಿತು. ಜಮಖಂಡಿಯ ಒಬ್ಬ ಅಜ್ಜ ಆ ವರ್ಷವನ್ನು ನೆನೆದು ಇನ್ನೂ ತಲೆಯಾಡಿಸುತ್ತಾರೆ. "ಕಬ್ಬಿನ ಹೊಲದಾಗ ಹೊಕ್ಕು ಹೊರಗ ಬಂದ್ರ ಮೈಯೆಲ್ಲಾ ಬೆಳ್ಳಗ. ಎಲಿ ಕೆಳಗ ಬಿಳೀದು, ಎಲಿ ಮ್ಯಾಲ ಕರೀದು." ಎಲೆಯ ಅಡಿಗೆ ಮೇಣದ ಉಣ್ಣೆ ಹೊದ್ದ ಹೇನು. ಅದು ಸುರಿಸಿದ ಜಿಗಿ ಕೆಳಗಿನ ಎಲೆಯ ಮೇಲೆ ಬಿದ್ದು, ಅದರ ಮೇಲೆ ಕಾಡಿಗೆಯಂಥ ಬೂಷ್ಟು. ಆಳೆತ್ತರ ದಾಟಿದ ಕಬ್ಬಿನೊಳಗೆ ಪಂಪು ಹೊತ್ತು ನುಗ್ಗಲಾಗದು. ನುಗ್ಗಿದರೂ ಎಲೆಯ ಅಡಿಗೆ ಔಷಧ ತಲುಪದು. ಕೊನೆಗೆ ಕೈ ಹಿಡಿದವು ಹುಳಗಳೇ. ಡೈಫಾ ಎಂಬ ಪತಂಗದ ಮರಿ, ಮೈಕ್ರೋಮಸ್ ಎಂಬ ಕಂದು ರೆಕ್ಕೆಯ ಕೀಟ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಮೈಕ್ರೋಮಸ್ ಸಾಕಿ, ಬೆಳೆಸಿ ಹೊಲಗಳಿಗೆ ಬಿಟ್ಟರು. ಆ ದಿನಗಳಲ್ಲಿ ಉಣ್ಣೆಯ ನಡುವೆ ಬೇಟೆಯಾಡುತ್ತ ಸಿಕ್ಕವರ ಪಟ್ಟಿಯಲ್ಲಿ ಯೂಪಿಯೋಡಿಸ್ ಕಾನ್‌ಫ್ರೇಟರ್ ಎಂಬ ಹೆಸರೂ ಇದೆ. 1830ರಲ್ಲಿ ವೀಡೆಮನ್ ಹೆಸರಿಟ್ಟ ಇನ್ನೊಂದು ಸಿರ್ಫಿಡ್ ನೊಣ ಅದು.

ಅದನ್ನೂ ಕಾಣಬೇಕೆಂದು ಕೃಷ್ಣೆಯ ದಂಡೆಯ ಕಬ್ಬಿಗೆ ಹೊಕ್ಕೆ. ಉಣ್ಣೆ ಹೇನು ಈಗ ಹಿಂದಿನಂತೆ ಇಲ್ಲ. ಎಲೆ ಮಗುಚಿ ಮಗುಚಿ ಬೆರಳು ಗೀರಿದ ಮೇಲೆ ಒಂದು ಕಡೆ, ನಡುದಿಂಡಿನ ಗುಂಟ, ಬಿಳಿಯ ಪಟ್ಟಿ ಸಿಕ್ಕಿತು. ಇವು ಕುಸುಬೆಯ ಕರಿಹೇನಿನಂತೆ ಸಾಧು ಅಲ್ಲ. ಈ ಹೇನಿನ ಆಗಷ್ಟೇ ಹುಟ್ಟಿದ ಮರಿಗಳು ಹಣೆಯ ಮೇಲಿನ ಕೊಂಬಿನಿಂದ ಬೇಟೆಗಾರರ ಮೇಲೆಯೇ ಏರಿ ಹೋಗುತ್ತವೆ ಎಂದು ಜಪಾನಿನ ಶಿಗೆಯುಕಿ ಆವೊಕಿ ಮತ್ತು ಸಂಗಡಿಗರು 1984ರಲ್ಲಿ ಬರೆದರು. ಕಣ್ಣಿಗೆ ಕಾಣದಷ್ಟು ಸಣ್ಣ ಹಸುಗೂಸುಗಳು ಕಾವಲುಗಾರರು! ಆ ಕಾವಲನ್ನು ದಾಟಿಯೂ ಉಣ್ಣೆಯ ಒಳಗೆ ಒಂದು ಮರಿ ಮಲಗಿತ್ತು. ಮೈಗೆಲ್ಲ ಮೇಣದ ಎಳೆ ಹತ್ತಿ ಅದೂ ಬೆಳ್ಳಗಾಗಿತ್ತು. ಕನ್ನಡಿ ಹಿಡಿದರೆ ಬೆನ್ನಿನ ತೊಗಲಿನ ಕೆಳಗೆ ಅದರ ಹೃದಯ, ಒಂದು ಸಣ್ಣ ಕೊಳವೆ, ಹಿಂದಿನಿಂದ ಮುಂದಕ್ಕೆ ಮಿಡಿಯುವುದು ಕಾಣುತ್ತಿತ್ತು.

ಮರಿ ಸಿಕ್ಕಿತು, ತಾಯಿ ಸಿಗಲಿಲ್ಲ. ಹೊಲದಿಂದ ಹೊಲಕ್ಕೆ ನಡೆದೆ. ಹೂವೆಂಬುದೇ ಇಲ್ಲ. ಕಬ್ಬಿಗೆ ಸೂಲಂಗಿ ಬರುವ ಹೊತ್ತಿಗೆ ಗ್ಯಾಂಗಿನವರ ಕೊಯ್ತ ಬೀಳುತ್ತದೆ, ಕೊಯ್ದ ಹೊಲದಲ್ಲಿ ರವದಿಗೆ ಬೆಂಕಿ. ಬದುವಿಗೂ ಕಳೆನಾಶಕ ಹೊಡೆದಿರುತ್ತಾರೆ. ಇಲ್ಲಿ ಮರಿಗೆ ಬೇಕಾದಷ್ಟು ಊಟವಿದೆ, ತಾಯಿಗೆ ಒಂದು ಹೂವಿಲ್ಲ. ಹೇನಿನ ಜಿಗಿಯನ್ನೇ ನೆಕ್ಕಿ ತಾಯಿ ಕೆಲವು ದಿನ ತಳ್ಳಬಲ್ಲಳು, ತತ್ತಿಗೆ ಬೇಕಾದ ಪರಾಗವನ್ನು ಜಿಗಿ ಕೊಡಲಾರದು. ಉಣ್ಣೆ ಹೇನನ್ನು ಸೋಲಿಸಿದ ಹೊಗಳಿಕೆ ಡೈಫಾ, ಮೈಕ್ರೋಮಸ್‌ಗಳಿಗೆ ಸಂದದ್ದು ನ್ಯಾಯವೇ. ಈ ನೊಣ ಅಷ್ಟು ಹಿಂದೆ ಉಳಿದದ್ದಕ್ಕೆ ಬದುಗಳಲ್ಲಿ ಹೂವಿಲ್ಲದ್ದೂ ಒಂದು ಕಾರಣ ಎಂಬುದು ನನ್ನ ಲೆಕ್ಕ. ಬೀಳಗಿಯ ಆ ಯಜಮಾನ ಯಾವ ಪುಸ್ತಕವನ್ನೂ ಓದದೆ ಕುಸುಬೆಯ ಅಕ್ಕಡಿ, ಕೊತ್ತಂಬರಿಯ ಅಂಚು ಇಟ್ಟುಕೊಂಡು ಇಬ್ಬರಿಗೂ ಎಲೆ ಹಾಕಿದ್ದಾನೆ. ಕಬ್ಬಿನ ಬದುವಿಗೆ ನಾಲ್ಕು ಸಾಲು ಕೊತ್ತಂಬರಿ ಚೆಲ್ಲಲು ಎಷ್ಟು ಖರ್ಚಾದೀತು? ಜಮಖಂಡಿಯ ಅಜ್ಜನಿಗೆ ಇದನ್ನೇ ಕೇಳಿದೆ. "ಖರ್ಚೇನಿಲ್ರಿ, ಆಡು ಬಿಡಬೇಕಲ್ಲ" ಎಂದರು. ಆಡಿನ ಮಾತು ನನಗೆ ಹೊಳೆದಿರಲಿಲ್ಲ.

ಇಷ್ಟು ಸಣ್ಣ ಜೀವದ ಲೆಕ್ಕ ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಬ್ರಿಟನ್ನಿನವರ ಒಂದು ಅಂದಾಜು ಇದೆ. ರೇಡಾರಿನಿಂದ ಆಕಾಶ ನೋಡಿ 2019ರಲ್ಲಿ ಪ್ರಕಟಿಸಿದ್ದು. ಅಲ್ಲಿನ ದಕ್ಷಿಣ ಭಾಗದ ಮೇಲೆ ವರ್ಷಕ್ಕೆ 400 ಕೋಟಿಯವರೆಗೆ ವಲಸೆಯ ಸಿರ್ಫಿಡ್ ನೊಣಗಳು ಹಾದುಹೋಗುತ್ತವೆ, ಅವುಗಳ ಮರಿಗಳು ತಿನ್ನುವ ಹೇನು 3 ಲಕ್ಷ ಕೋಟಿಯಿಂದ 10 ಲಕ್ಷ ಕೋಟಿ. ಅವುಗಳಲ್ಲಿ ಯೂಪಿಯೋಡಿಸ್ ಕುಲದ ಒಂದು ಜಾತಿಯೂ ಇದೆ, ನಮ್ಮ ಕಬ್ಬಿನ ನೊಣದ ಹತ್ತಿರದ ನಂಟ.

ರಬಕವಿ-ಬನಹಟ್ಟಿ ಮುಟ್ಟುವಾಗ ಮಗ್ಗಗಳ ಖಟಖಟ ಓಣಿ ಓಣಿಯಲ್ಲಿ. ನೊಣ ಅಲ್ಲೂ ಇತ್ತು, ಬೇರೆ ಜಾತಿಯದು. ದನದ ಕೊಟ್ಟಿಗೆಯ ಹಿಂದಿನ ಮೋರಿಯಲ್ಲಿ ಉದ್ದ ಬಾಲದ ಹುಳಗಳು ತೆವಳುತ್ತಿದ್ದವು. ಬಾಲವಲ್ಲ ಅದು, ಉಸಿರಿನ ನಳಿಕೆ. ನೀರಿನ ಆಳಕ್ಕೆ ತಕ್ಕಂತೆ ಉದ್ದವಾಗುತ್ತದೆ, ಮೊಟಕಾಗುತ್ತದೆ. ಹೇನು ಮುಟ್ಟದ ಈ ಬಳಗದ ಮರಿಗಳು ಕೊಳೆತ ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿಂದು, ಬೆಳೆದು, ಜೇನಿನಂಥ ನೊಣಗಳಾಗಿ ಹಾರುತ್ತವೆ. ಸತ್ತ ಎತ್ತಿನ ಮೈಯಿಂದ ಜೇನು ಹುಟ್ಟುತ್ತದೆಂದು ಗ್ರೀಕರೂ ರೋಮನ್ನರೂ ಶತಮಾನಗಟ್ಟಲೆ ನಂಬಿದ್ದರಲ್ಲ, ಅದಕ್ಕೆ ಮೂಲ ಈ ನೊಣವೇ ಎಂದು ಓಸ್ಟೆನ್ ಸಾಕೆನ್ ಎಂಬ ಕೀಟತಜ್ಞ 1894ರಲ್ಲಿ ಒಂದು ಪುಸ್ತಕವನ್ನೇ ಬರೆದ. ಮೋರಿಯ ಪಕ್ಕದ ಗಬ್ಬು ಹೆಚ್ಚು ಹೊತ್ತು ನಿಲ್ಲಗೊಡಲಿಲ್ಲ.

ಬೀಳಗಿಯ ಕುಸುಬೆಯಿಂದ ಒಂದು ಕೋಶವನ್ನು, ಕಾಂಡದ ತುಣುಕಿನ ಸಮೇತ, ಸಣ್ಣ ಸೀಸೆಯಲ್ಲಿ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ತಂದಿದ್ದೆ. ನೀರಿನ ಹನಿಯ ಆಕಾರ, ಕಂದು ಬಣ್ಣ. ಸಾಮಾನ್ಯವಾಗಿ ವಾರದೊಳಗೆ ಮುಚ್ಚಳ ತೆರೆದು ನೊಣ ಹೊರಬರುತ್ತದೆ. ವಾರ ಕಳೆದರೂ ಏನೂ ಆಗಲಿಲ್ಲ. ಆಮೇಲೊಂದು ಬೆಳಿಗ್ಗೆ ನೋಡಿದರೆ ಕೋಶದ ಒಂದು ಕಡೆ ಅಂಚು ಹರಿದ ತೂತು, ಸೀಸೆಯೊಳಗೆ ಎರಡು ಜೋಡಿ ರೆಕ್ಕೆಯ, ಕೆಂಪು ಕಾಲಿನ, ಸಣ್ಣ ಕರಿ ಕಣಜ. ಇದು ವೇಷವಲ್ಲ, ನಿಜವಾದ ಕಣಜ. ಡಿಪ್ಲಾಜಾನ್ ಲೀಟಟೋರಿಯಸ್ ಎಂಬ ಜಾತಿ ಇರಬೇಕು. ಸಿರ್ಫಿಡ್ ನೊಣದ ತತ್ತಿಯೊಳಗೋ ಎಳೆಯ ಮರಿಯೊಳಗೋ ತನ್ನ ತತ್ತಿ ಇಡುವುದು ಅದರ ಕಸುಬು. ಹೊರಗೆ ಮರಿ ಹೇನುಗಳನ್ನು ತಿನ್ನುತ್ತ ಬೆಳೆಯುತ್ತದೆ, ಒಳಗೆ ಇದು ಕಾದಿರುತ್ತದೆ. ಮರಿ ಕೋಶವಾದ ಮೇಲೆ ಅದನ್ನು ತಿಂದು ಮುಗಿಸಿ, ಅದರ ಮನೆಯನ್ನೇ ಕೊರೆದು ಹೊರಬರುತ್ತದೆ. ಬಟ್ಟೆ ಬಿಚ್ಚಿ ಸೀಸೆಯನ್ನು ಹಿತ್ತಲಿಗೆ ಒಯ್ದೆ. ಸಬ್ಬಸಿಗೆ ಹೂವಿಗೆ ಬಂದಿತ್ತು. ಕಣಜ ಹಾರಿ ಹೋಗಿ ಅದರ ಮೇಲೇ ಕೂತು ಮಕರಂದಕ್ಕೆ ಬಾಯಿ ಹಾಕಿತು. ದೊಡ್ಡದಾದ ಮೇಲೆ ಇದರ ಊಟವೂ ಹೂವಿನಲ್ಲೇ.